ಕೆಂಪು ಹಾಳೆಯ ಮೇಲೆ ರಟ್ಟು, ಒಂದು

ನಮ್ಮ ಚೀನೀ ಮಾತಿನಲ್ಲಿ ಪಾವ್ಚು ಎಂದರೆ ಅಮೂಲ್ಯವಾದ ಮುತ್ತು. ಮಗಳಿಗೆ ಇಂಥ ಹೆಸರಿಟ್ಟ ಅಪ್ಪ ಆಮೇಲೆ ಅವಳನ್ನು ಕಡಲ ಸಿಂಪಿ ಸಾಕುವವರ ಮನೆಗೇ ಕೊಟ್ಟ. ಅಂದಿನಿಂದ ನಮ್ಮ ಬಂದರು ಓಣಿಯಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು, ಗಿಡ್ಡ ಚಾಕು ಹಿಡಿದು, ಸಿಂಪಿಗಳ ಬಾಯಿ ಬಿಡಿಸುತ್ತಿದ್ದಾಳೆ. ಮುತ್ತು ಇಲ್ಲಿಯ ತನಕ ಒಂದೂ ಸಿಕ್ಕಿಲ್ಲ. ಬಾಯಿ ಬಿಡಿಸುವ ವಿದ್ಯೆ ಮಾತ್ರ ಚೆನ್ನಾಗಿ ಕೈಗೆ ಹತ್ತಿದೆ. ಓಣಿಯಲ್ಲಿ ಯಾರ ಹೊಟ್ಟೆಯಲ್ಲಿ ಏನಿದ್ದರೂ ಸಂಜೆಯೊಳಗೆ ಪಾವ್ಚಕ್ಕನ ಬುಟ್ಟಿಗೆ ಬಿದ್ದಿರುತ್ತದೆ.

ಅವಳು ದೊಡ್ಡ ಮನಸ್ಸಿನವಳು ಎಂದು ಹೇಳಿದರೆ ನನ್ನನ್ನು ಯಾರೂ ನಂಬುವುದಿಲ್ಲ. ದಾನ ಮಾಡುತ್ತಾಳೆ, ನಿಜ. ಆದರೆ ಮೊದಲು ನಾದಿನಿ ಯೂಲಾನ್ ಎಷ್ಟು ಕೊಟ್ಟಿದ್ದಾಳೆ ಎಂದು ತಿಳಿದುಕೊಂಡು, ಅದರ ಮೇಲೆ ನೂರು ಯುವಾನ್ ಇಟ್ಟು ಮಾಡುತ್ತಾಳೆ. ಇದಕ್ಕೆಲ್ಲ ಕಾರಣ ಗುಡಿಯ ಗೋಡೆ. ಕಡಲದೇವಿ ಮಾಜು ತಾಯಿಗೆ ಯಾರು ಏನೇ ಕೊಡಲಿ, ದುಡ್ಡೋ ಅಕ್ಕಿಯೋ ಕಡಲೆಕಾಯಿ ಎಣ್ಣೆಯೋ, ಅದು ಮೇಜಿನ ಮೇಲೆ ಬಂದು ಕೂತ ಮೇಲೆ ಗುಮಾಸ್ತ ಲ್ಯಾವ್ ಕುಂಚ ಅದ್ದಿ ಕೆಂಪು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾನೆ. ಕೊಟ್ಟವರ ಹೆಸರು, ಕೊಟ್ಟ ವಸ್ತು, ಅಷ್ಟೇ. ಬಂದವರೆಲ್ಲ ಮೊದಲು ದೇವಿಗೆ ಕೈಮುಗಿದು ಆಮೇಲೆ ಗೋಡೆ ಓದುತ್ತಾರೆ. ಕೆಲವರು ಗೋಡೆ ಓದಿಯೇ ಕೈಮುಗಿಯುತ್ತಾರೆ. ಇದನ್ನು ಭಕ್ತಿ ಎಂದು ಕರೆಯಲು ನನಗೆ ನಾಚಿಕೆ. ಆದರೆ ಲೆಕ್ಕದಲ್ಲಿ ಒಂದು ಕಾಸು ಹೆಚ್ಚುಕಡಿಮೆಯಾದದ್ದು ನಾನು ಕಂಡಿಲ್ಲ. ನೆರೆಹೊರೆಯವರ ಹೊಟ್ಟೆಕಿಚ್ಚಿಗಿಂತ ಕಟ್ಟುನಿಟ್ಟಾದ ಲೆಕ್ಕ ತಪಾಸಣೆ ಎಲ್ಲಿದೆ?

ಮಧ್ಯಾಹ್ನ ಸಿಂಪಿ ಮುಗಿದ ಮೇಲೆ ನಮ್ಮ ಹೆಂಗಸರೆಲ್ಲ ಕೈಗವಸು ಕಳಚಿ ಫೋನಿನಲ್ಲಿ ಮಾಜಾಂಗ್ ಎಂಬ ಬಿಲ್ಲೆಯಾಟ ಆಡುತ್ತಾರೆ. ಆಡಿಸುವ ಕಂಪನಿ ತೈಪೆಯದು, ಹೆಸರು 'ನಗುಮೊಗ'. ಅದರ ಗುರುತು ಒಂದು ನಗುವ ಬೆಕ್ಕು. ಹೋದ ಚಳಿಗಾಲದಲ್ಲಿ ಆ ಬೆಕ್ಕಿಗೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿತು. 'ಪ್ರೀತಿ ಬಿಲ್ಲೆ' ಎಂಬ ಬಂಗಾರದ ಅಂಚಿನ ಬಿಲ್ಲೆ ಬಂತು. ಬೆಲೆ ಮುನ್ನೂರು ಯುವಾನ್. ಆಟದಲ್ಲಿ ಅದರಿಂದ ಉಪಯೋಗವಿಲ್ಲ, ಮಿನುಗುತ್ತದೆ ಅಷ್ಟೇ. ಬಂದ ಲಾಭವೆಲ್ಲ ಕಡಲತೀರದ ಗುಡಿಗಳಲ್ಲಿ ಒಂಟಿ ಮುದುಕರಿಗೆ ಹಾಕುವ ಮಧ್ಯಾಹ್ನದ ಊಟಕ್ಕೆ ಎಂದು ಬೆಕ್ಕು ಹೇಳಿತು. ಗುಡಿಗಳ ಪಟ್ಟಿಯಲ್ಲಿ ನಮ್ಮ ಗುಡಿಯ ಹೆಸರೂ ಇತ್ತು. 'ಲಾಭ' ಎಂಬ ಮಾತಿಗೊಂದು ಚುಕ್ಕಿ ಹಾಕಿ, ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ 'ಖರ್ಚು ಕಳೆದು' ಎಂದಿತ್ತು. ಲಾಭಕ್ಕೂ ಲೋಭಕ್ಕೂ ಒಂದು ಓತ್ವದಷ್ಟೇ ಅಂತರ. ಅದನ್ನು ಅಷ್ಟು ಸಣ್ಣ ಅಕ್ಷರದಲ್ಲಿ ಯಾರು ನೋಡುತ್ತಾರೆ?

ಪಾವ್ಚಕ್ಕ ಓಣಿಯನ್ನೆಲ್ಲ ಎಬ್ಬಿಸಿದಳು. ನಮ್ಮ ಗುಡಿ, ನಮ್ಮ ಮುದುಕರು, ಕೊಡದಿದ್ದರೆ ಮುಖ ಉಳಿಯುತ್ತದೆಯೇ ಎಂದು ಮನೆಮನೆಗೆ ಹೋಗಿ ಕೇಳಿದಳು. ಫೋನಿನಲ್ಲಿ ದುಡ್ಡು ಕಟ್ಟಲು ಬಾರದವರೆಲ್ಲ ಅವಳ ಕೈಗೆ ನೋಟು ಕೊಟ್ಟರು. ಅವಳು ಮೂಲೆಯಂಗಡಿಗೆ ಹೋಗಿ ಆಟದ ಅಂಕ ಕೊಂಡು ಎಲ್ಲರ ಫೋನಿಗೂ ಬಿಲ್ಲೆ ಹಾಕಿಸಿದಳು. ಬಿಲ್ಲೆಗಳು ಮಿನುಗಿದವು. ಹೆಸರುಗಳು ಗೋಡೆಗೆ ಬರುತ್ತವೆ ಎಂದು ತಾನೇ ಮಾತೂ ಕೊಟ್ಟಳು. ಕಂಪನಿ ಎಲ್ಲೂ ಹಾಗೆ ಹೇಳಿರಲಿಲ್ಲ. ಆದರೆ ದಾನ ಮಾಡಿದರೆ ಕೆಂಪು ಹಾಳೆ ಬರದೆ ಇರುತ್ತದೆ ಎಂಬುದು ನಮ್ಮ ಊರಲ್ಲಿ ಯಾರ ತಲೆಗೂ ಹೊಳೆಯುವ ವಿಷಯವಲ್ಲ.

ಚಳಿ ಮುಗಿಯಿತು, ಹೊಸ ವರ್ಷ ಕಳೆಯಿತು. ಗೋಡೆಗೆ ಹಾಳೆ ಬರಲಿಲ್ಲ. ಗುಡಿಯ ಅಡುಗೆಮನೆಯಲ್ಲಿ ಅದೇ ಎಲೆಕೋಸು, ಅದೇ ತೋಫು. ಮೀನು ಮೊದಲಿನಂತೆಯೇ ವಾರಕ್ಕೊಂದು ದಿನ. ಓಣಿಯ ಕಣ್ಣು ಮೊದಲು ಗೋಡೆಯ ಮೇಲೆ, ಆಮೇಲೆ ಅಡುಗೆಮನೆಯ ಮೇಲೆ, ಕೊನೆಗೆ ಪಾವ್ಚಕ್ಕನ ಮೇಲೆ ಬಿತ್ತು.

ಅವಳು ಅಂಗಡಿಯ ರಸೀತಿಗಳನ್ನು ತಂದು ತೋರಿಸಿದಳು. ಅದೇ ಅವಳ ಕುತ್ತಿಗೆಗೆ ಬಂತು. ರಸೀತಿಯಲ್ಲಿ ಇದ್ದದ್ದು 'ಆಟದ ಅಂಕಗಳು' ಎಂದು ಮಾತ್ರ. ಪ್ರೀತಿಯೂ ಇಲ್ಲ, ಮುದುಕರೂ ಇಲ್ಲ. ಬಿಲ್ಲೆಗೆ ಹೋದ ಅಂಕ ಯಾವುದು, ಅವಳೇ ಆಡಿ ಕಳೆದ ಅಂಕ ಯಾವುದು ಎಂದು ಅದರಿಂದ ತಿಳಿಯುವಂತಿರಲಿಲ್ಲ.

ಯೂಲಾನ್ ರಸೀತಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಅತ್ತಿಗೆ, ನಮ್ಮ ದುಡ್ಡಲ್ಲಿ ಎಷ್ಟು ದಿನ ಆಡಿದ್ರಿ? ಗೆದ್ದಿದ್ರಲ್ಲಾದ್ರೂ ನಮಗೊಂದು ಪಾಲು ಇಡ್ರಿ."

ಅಂದಿನಿಂದ ಪಾವ್ಚಕ್ಕನ ಸ್ಟೂಲಿನ ಅಕ್ಕಪಕ್ಕದ ಸ್ಟೂಲುಗಳು ಒಂದೊಂದಾಗಿ ದೂರ ಸರಿದವು. ಓಣಿಯಲ್ಲಿ ಒಬ್ಬಳೇ ಕೂತು ಸಿಂಪಿ ಬಿಡಿಸುವುದೆಂದರೆ ಏನೆಂದು ಹೊರಗಿನವರಿಗೆ ಅರ್ಥವಾಗದು. ಮಾತಿಲ್ಲದ ಮೇಲೆ ಅದು ಬರೀ ಕೆಸರು, ಚಳಿ ಮತ್ತು ಬೆರಳಿನ ಗಾಯ. ಮುದುಕರ ಊಟದ ದುಡ್ಡು ತಿಂದವಳು ಎಂಬ ಹೆಸರು ಹೊತ್ತು ಸತ್ತರೆ ಶವದ ಹಿಂದೆ ಬ್ಯಾಂಡಿನವರು ಮಾತ್ರ ಬರುತ್ತಾರೆ ಎಂದು ಅವಳು ಗಂಡನ ಹತ್ತಿರ ಅತ್ತಳಂತೆ. ಬ್ಯಾಂಡಿನವರಿಗೂ ಮುಂಗಡ ಕೊಡಬೇಕು ಎಂದು ಗಂಡ ನೆನಪಿಸಿದನಂತೆ.

ಅವಳು ಕಂಪನಿಗೆ ಬರೆದಳು. ನಗುವ ಬೆಕ್ಕು ಉತ್ತರಿಸಿತು: ಪ್ರಿಯ ಆಟಗಾರರೇ, ನಿಮ್ಮ ಪ್ರೀತಿ ನಮಗೆ ತಲುಪಿದೆ. ಎಷ್ಟು ತಲುಪಿದೆ ಎಂದು ಕೇಳಿದಳು. ನಿಮ್ಮ ಪ್ರೀತಿ ನಮಗೆ ತಲುಪಿದೆ ಎಂದಿತು. ಕೊನೆಗೆ ಬೆಕ್ಕು 'ಪಾರದರ್ಶಕ ಪುಟ' ಎಂಬಲ್ಲಿಗೆ ದಾರಿ ತೋರಿಸಿತು. ಅಲ್ಲಿ ಬಣ್ಣಬಣ್ಣದ ಹೋಳುಗಳಿದ್ದ ಒಂದು ಚಕ್ರವಿತ್ತು. ಒಂದು ಹೋಳಿನ ಮೇಲೆ 'ಕರುಣೆ', ಇನ್ನೊಂದರ ಮೇಲೆ 'ಭರವಸೆ', ಎಲ್ಲಕ್ಕಿಂತ ದಪ್ಪ ಹೋಳಿನ ಮೇಲೆ 'ನಿರ್ವಹಣೆ' ಎಂದಿತ್ತು. ಒಂದೇ ಒಂದು ಅಂಕಿ ಇರಲಿಲ್ಲ. ಪಾರದರ್ಶಕವೆಂದರೆ ಪಾರಾಗುವ ದಾರಿಯ ದರ್ಶನ ಎಂದು ತಿಳಿದವರು ಮಾಡಿದ ಪುಟ ಅದು.

ಮಾಜು ತಾಯಿಯ ಹುಟ್ಟುಹಬ್ಬದ ವಾರ ಕಂಪನಿಯೇ ಊರಿಗೆ ಬಂತು. ಕೊಡುವುದಕ್ಕಲ್ಲ, ಕೊಡುತ್ತಿರುವ ಫೋಟೋ ತೆಗೆಸಿಕೊಳ್ಳುವುದಕ್ಕೆ. ಬಂದಾತ ಶ್ಯೇ ಎಂಬ ಬೆಳ್ಳಗಿನ ಮನುಷ್ಯ, ಕಂಪನಿಯ 'ಪ್ರೀತಿ ವಿಭಾಗ'ದ ಉಪವ್ಯವಸ್ಥಾಪಕ. ಪ್ರೀತಿಗೊಂದು ವಿಭಾಗ, ಅದಕ್ಕೊಬ್ಬ ಉಪ ಎಂದರೆ ಮುಖ್ಯರು ಎಷ್ಟು ಪ್ರೀತಿಯಲ್ಲಿ ಮುಳುಗಿರಬೇಕು. ಜೊತೆಗೆ ಇಬ್ಬರು ಕ್ಯಾಮೆರಾದವರು, ಮತ್ತು ಬಾಗಿಲಷ್ಟು ಅಗಲದ ಒಂದು ರಟ್ಟಿನ ಚೆಕ್ಕು. ಅದರ ಮೇಲೆ ಬೆಕ್ಕು ನಗುತ್ತಿತ್ತು. ಪಕ್ಕದಲ್ಲಿ 'ಹತ್ತು ಲಕ್ಷ' ಎಂದು ದಪ್ಪಗೆ, 'ಪ್ರೀತಿ ಅಂಕ' ಎಂದು ಸಣ್ಣಗೆ ಬರೆದಿತ್ತು.

ಅಂಗಳದ ತುಂಬ ಜನ. ಊಟದ ಮುದುಕರನ್ನು ಸಾಲಾಗಿ ಕೂರಿಸಿ ಕೈಗೆ ಬೆಕ್ಕಿನ ಬಾವುಟ ಕೊಟ್ಟಿದ್ದರು. ಶ್ಯೇ ಭಾಷಣ ಮುಗಿಸಿ ಚೆಕ್ಕನ್ನು ಎತ್ತಿ ಹಿಡಿಯುವಷ್ಟರಲ್ಲಿ ಪಾವ್ಚಕ್ಕ ಸಿಂಪಿಯ ಏಪ್ರನ್ನಿನಲ್ಲೇ ಹೋಗಿ ಅದರ ಇನ್ನೊಂದು ತುದಿ ಹಿಡಿದುಕೊಂಡಳು. ಫೋಟೋಗೆ ಬಂದಳೆಂದು ಅವನು ನಕ್ಕ. ಅವಳು ನಡೆಯತೊಡಗಿದಳು. ಚೆಕ್ಕು ಅವಳ ಹಿಂದೆ ಹೊರಟಿತು, ಚೆಕ್ಕಿನ ಹಿಂದೆ ಶ್ಯೇ, ಅವನ ಹಿಂದೆ ಕ್ಯಾಮೆರಾದವರು. ಮೆರವಣಿಗೆ ಗುಮಾಸ್ತ ಲ್ಯಾವ್‌ನ ಮೇಜಿನ ಮುಂದೆ ನಿಂತಿತು.

"ಲ್ಯಾವ್ ಮಾವ, ಇವರು ದಾನ ತಂದಿದಾರೆ. ಜಮಾ ಮಾಡ್ಕೊಳ್ಳಿ," ಎಂದು ಅವಳು ರಟ್ಟನ್ನು ಮೇಜಿನ ಮೇಲೆ ಮಲಗಿಸಿದಳು. ಅದು ಮೇಜನ್ನೂ ಅರ್ಧ ಲ್ಯಾವ್‌ನನ್ನೂ ಮುಚ್ಚಿತು.

ಲ್ಯಾವ್ ಅಂಚಿನ ಮೇಲಿಂದ ಇಣುಕಿದ. ನಗದು ಎಲ್ಲಿ ಎಂದು ಕೇಳಿದ. ಇದು ಸಾಂಕೇತಿಕ, ಅಂತಿಮ ಲೆಕ್ಕ ಇನ್ನೂ ಪರಿಶೀಲನೆಯಲ್ಲಿದೆ ಎಂದು ಶ್ಯೇ ವಿವರಿಸಿದ. ಪ್ರೀತಿ ಅಂಕ ಒಂದಕ್ಕೆ ಅಕ್ಕಿ ಎಷ್ಟು ಬರುತ್ತದೆ ಎಂದು ಲ್ಯಾವ್ ಕೇಳಿದ. ಆಟದೊಳಗೆ ಅಕ್ಕಿ ಇಲ್ಲ, ಅಂಕವನ್ನು ಆಟದೊಳಗೇ ಬಳಸಬೇಕು ಎಂದು ಶ್ಯೇ ಹೇಳಿದ. ಮೈಕು ಇನ್ನೂ ಅವನ ಕಾಲರಿನಲ್ಲಿತ್ತು. ಅಂಗಳಕ್ಕೆಲ್ಲ ಕೇಳಿಸಿತು.

"ಹಂಗಾದ್ರೆ ಏನಂತ ಬರೀಲಿ? ದೇವಿ ಮುಂದೆ ಬರೆಯೋ ಲೆಕ್ಕ ಇದು, ಬಂದಿದ್ದನ್ನ ಮಾತ್ರ ಬರೀಬೇಕು," ಎಂದ ಲ್ಯಾವ್.

"ಬಂದಿದ್ದೇ ಬರೀರಿ ಮಾವ," ಎಂದಳು ಪಾವ್ಚಕ್ಕ. "ರಟ್ಟು, ಒಂದು."

ಲ್ಯಾವ್ ಹಾಸ್ಯಗಾರನಲ್ಲ, ಹುಟ್ಟಿದ ಮೇಲೆ ಒಂದು ಜೋಕು ಹೇಳಿದವನಲ್ಲ. ರಟ್ಟನ್ನು ಬೆರಳಲ್ಲಿ ತಟ್ಟಿ ನೋಡಿ, ದಪ್ಪವಿದೆ, ಮಳೆಗಾಲಕ್ಕೆ ಅಕ್ಕಿ ಮೂಟೆಯ ಕೆಳಗೆ ಹಾಸಬಹುದು ಎಂದು ತೀರ್ಮಾನಿಸಿ ಕುಂಚ ಅದ್ದಿದ. 'ಚೆನ್ ಮನೆಯವರು, ಕಡಲೆಕಾಯಿ ಎಣ್ಣೆ, ಆರು ಡಬ್ಬಿ' ಮತ್ತು 'ಐಸ್ ಅಂಗಡಿ ಹುವಾಂಗ್, ಅಕ್ಕಿ, ಎರಡು ಮೂಟೆ' ಎಂಬ ಹಾಳೆಗಳ ನಡುವೆ ಇದೂ ಏರಿತು: 'ನಗುಮೊಗ ಕಂಪನಿ, ತೈಪೆ. ರಟ್ಟು, ಒಂದು.'

ಮುದುಕರ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಬಾವುಟಗಳೆಲ್ಲ ಅಲುಗಾಡಿದವು. ಶ್ಯೇ ಹಾಳೆ ಕೀಳಲು ಕೈ ಚಾಚಿದ. ಗೋಡೆಗೆ ಅಂಟಿದ್ದನ್ನು ಬಿಸಿಲು ಮಳೆಗಳೇ ಅಳಿಸಬೇಕು, ಮನುಷ್ಯರು ಮುಟ್ಟುವಂತಿಲ್ಲ ಎಂದು ಲ್ಯಾವ್ ಮೆಲ್ಲಗೆ ಹೇಳಿದ. ಅಷ್ಟರಲ್ಲಿ ಓಣಿಯ ಫೋನುಗಳೆಲ್ಲ ಗೋಡೆಯತ್ತ ತಿರುಗಿದ್ದವು. ಕಂಪನಿಗೆ ಬೇಕಿದ್ದ ಫೋಟೋ ಸಿಗಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಊರಿನವರೇ ತೆಗೆದು ಹಂಚಿದರು.

ಅದೇ ವಾರ ಗುಡಿಯ ಖಾತೆಗೆ ದುಡ್ಡು ಬಂತು. ತಿಂಗಳುಗಟ್ಟಲೆ ಪರಿಶೀಲನೆಯಲ್ಲಿದ್ದ ಲೆಕ್ಕ ಒಂದು ಕೆಂಪು ಹಾಳೆಗೆ ಹೆದರಿ ಎದ್ದು ಬಂದಿತ್ತು. ನಮ್ಮ ಓಣಿ ಒಂದೇ ಕಟ್ಟಿದ್ದರ ಅರ್ಧವೂ ಅದರಲ್ಲಿರಲಿಲ್ಲ. ಉಳಿದದ್ದು ಆ ದಪ್ಪ ಹೋಳಿನೊಳಗೆ ಜೀರ್ಣವಾಗಿತ್ತು. ಹಳೆಯ ಹಾಳೆ ತೆಗೆಯಬೇಕೆಂದು ಜೊತೆಗೊಂದು ಕೋರಿಕೆಯೂ ಇತ್ತು. ಲ್ಯಾವ್ ಬಂದ ದುಡ್ಡಷ್ಟನ್ನೇ ಹೊಸ ಹಾಳೆಯಲ್ಲಿ ಬರೆದು ರಟ್ಟಿನ ಹಾಳೆಯ ಕೆಳಗೆ ಅಂಟಿಸಿದ. ಅದರ ಕೆಳಗೆ ಬಿಲ್ಲೆ ಕೊಂಡ ಹೆಂಗಸರ ಹೆಸರುಗಳೂ ಬಂದವು.

ಮರುದಿನ ಯೂಲಾನ್ ತನ್ನ ಸ್ಟೂಲನ್ನು ಎಳೆದುಕೊಂಡು ಬಂದು ಪಾವ್ಚಕ್ಕನ ಪಕ್ಕ ಕೂತಳು. ಕ್ಷಮೆ ಕೇಳುವುದು ಅವಳ ಜಾಯಮಾನದಲ್ಲಿಲ್ಲ. ಒಂದಿಷ್ಟು ಸಿಂಪಿ ಬಿಡಿಸಿದ ಮೇಲೆ, "ಅತ್ತಿಗೆ, ನಿಮ್ಮ ಹೆಸರು ನನ್ನ ಹೆಸರಿಗಿಂತ ಕೆಳಗಿದೆ, ನೋಡಿದ್ರಾ?" ಎಂದಳು.

ಪಾವ್ಚಕ್ಕ ನೋಡಿದ್ದಳು. ಆ ಬಗ್ಗೆ ಲ್ಯಾವ್‌ನೊಂದಿಗೆ ಬೆಳಿಗ್ಗೆಯೇ ಜಗಳವಾಡಿಯೂ ಬಂದಿದ್ದಳು. ಈಗ ಕೈಗವಸು ಕಳಚಿ, ಫೋನು ತೆಗೆದು, ಅದೇ ಬೆಕ್ಕಿನ ಆಟಕ್ಕೆ ಕೂತಳು. ಬೆಕ್ಕಿನ ಮೇಲೆ ಸಿಟ್ಟಿತ್ತು, ಆದರೆ ಯೂಲಾನ್ ಜೊತೆ ಕೂತು ಆಡಲು ಓಣಿಯಲ್ಲಿ ಬೇರೆ ಆಟ ಯಾರಿಗೂ ಗೊತ್ತಿರಲಿಲ್ಲ.