ಒಂದೇ ಬ್ಯಾರಲ್ಲಿನ ಡೀಸೆಲ್

ಸುಚಿತಾಳ ಕೆಲಸವೇನೆಂದು ಶಿರಾಲಿಯಲ್ಲಿ ಯಾರಾದರೂ ಕೇಳಿದರೆ ಅವಳ ಅಮ್ಮ ವಸಂತಿ, "ಯಾವ್ದು ಯಾವಾಗ ಹಾಳಾಗ್ತದೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕ್ತದೆ ನಮ್ ಹೆಣ್ಣು" ಎನ್ನುತ್ತಿದ್ದಳು. ನಗು ಬಂದರೂ ಮಾತು ಸುಳ್ಳಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಅವಘಡದ ಸಂಭವ ಎಷ್ಟೆಂದು ಹೇಳುವ ಸಾಫ್ಟ್‌ವೇರನ್ನು ಅವಳು ಮನೆಯಲ್ಲೇ ಕೂತು ತಿದ್ದುತ್ತಿದ್ದಳು. ಆ ಸಾಫ್ಟ್‌ವೇರಿಗೊಂದು ಹುಚ್ಚು ಧೈರ್ಯ. ಒಂದು ಪಂಪು ಕೆಟ್ಟರೇನಂತೆ, ಇನ್ನೊಂದಿದೆಯಲ್ಲ! ಎರಡನ್ನೂ ಒಂದೇ ಕಾರಣ ಕೆಡಿಸಬಹುದೆಂಬುದು ಅದರ ಲೆಕ್ಕದಲ್ಲೇ ಇರಲಿಲ್ಲ. ಆ ದಿನ ಬೆಳಿಗ್ಗೆ ಅದನ್ನು ಸರಿಮಾಡಲು ಹೊರಟರೆ ಮ್ಯಾನೇಜರ್ ರಾಜೀವ, "ಇವತ್ತು ಗಿರಾಕಿಗೆ ಕಳಿಸಬೇಕು, ಅದು ಮುಂದಿನ ಸಲಕ್ಕಿರಲಿ" ಎಂದಿದ್ದ. ಒಳಗೊಳಗೇ ಉರಿದುಕೊಂಡು ಹೂಂ ಎಂದಿದ್ದಳು.

ಮಧ್ಯಾಹ್ನ ಕಡಲಿನಿಂದ ಅಪ್ಪ ಮಾದೇವನ ಫೋನು ಬಂತು. "ಇಂಜಿನ್ ನಿಂತ್ ಹೋಯ್ತು. ಗಾಳಿ ಬಂಡೆ ಬದಿಗೆ ದೂಡ್ತಾ ಇದೆ. ದಿನಕರ ಬತ್ತಾ ಇದ್ದ, ಎಳ್ಕಂಡ್ ಹೋಗ್ತ. ಹೆದ್ರೂದು ಬೇಡ."

ದಿನಕರ ಅವಳ ಅಣ್ಣ. ಅಪ್ಪ, ಮಗ ಎರಡು ದೋಣಿಯಲ್ಲಿ ಜೋಡಿಯಾಗಿಯೇ ಹೋಗುವುದು. ಒಂದು ನಿಂತರೆ ಇನ್ನೊಂದು ಹಗ್ಗ ಕಟ್ಟಿ ಎಳೆಯಬೇಕು. ಅದೇ ನಂಬಿಕೆಯಲ್ಲಿ ವಸಂತಿ ಮೀನು ಕೊಯ್ಯುವುದನ್ನೂ ನಿಲ್ಲಿಸಲಿಲ್ಲ.

ಸುಚಿತಾಳಿಗೆ ಮಾತ್ರ ಆ ಎರಡು ಪಂಪುಗಳು ನೆನಪಾದವು. "ಅಮ್ಮಾ, ಇಬ್ರೂ ಡೀಸೆಲ್ ಎಲ್ಲಿಂದ ತುಂಬಿದ್ದು?"

"ಎಲ್ಲಿಂದ ಅಂದ್ರೆ? ಹಿತ್ಲ ಬ್ಯಾರಲ್ಲಿಂದ. ಎಂತಕ್ಕೆ?"

ಹಿತ್ತಲಿಗೆ ಓಡಿದಳು. ಬ್ಯಾರಲ್ಲಿನ ಮುಚ್ಚಳ ಸಡಿಲವಾಗಿತ್ತು. ಉಳಿದ ಡೀಸೆಲನ್ನು ಬಾಟಲಿಗೆ ಹಿಡಿದರೆ ಅಡಿಯಲ್ಲಿ ನೀರು ನಿಂತಿತು. ಅಯ್ಯೋ, ನಿನ್ನೆಯ ಮಳೆ! ಅಪ್ಪನ ಟ್ಯಾಂಕಿಗೆ ಹೋದ ನೀರು ಅಣ್ಣನ ಟ್ಯಾಂಕಿಗೆ ಹೋಗದೆ ಇರುತ್ತದೆಯೇ? ಅಣ್ಣ ಫೋನು ಎತ್ತಲಿಲ್ಲ. ದಡದಲ್ಲಿ ಬಲೆ ಬಿಡಿಸುತ್ತಿದ್ದ ನೆರೆಮನೆಯ ಚೌಡನ ಬಳಿಗೆ ಓಡಿದಳು.

"ಚೌಡಣ್ಣ, ಬೇಗ ಹೊರಡಿ. ಅಪ್ಪನ ದೋಣಿ ನಿಂತಿದೆ, ಅಣ್ಣಂದೂ ನಿಲ್ತದೆ."

"ಓಡ್ತಾ ಇರೂ ದೋಣಿ ನಿಲ್ತದೆ ಅಂತ ನಿಂಗೆ ಹ್ಯಾಂಗೆ ಗೊತ್ತು? ಶಾಸ್ತ್ರ ಹೇಳ್ತಿದ್ಯಾ?"

"ಇಬ್ರ ಡೀಸೆಲಲ್ಲೂ ನೀರಿದೆ! ನಿಮ್ದು ಎಲ್ಲಿಂದು?"

"ನಂದು ಭಟ್ಕಳದ ಬಂಕಿಂದು." ಚೌಡನ ಮುಖದ ನಗೆ ಆರಿತು. "ಆತು, ಹೊಂಟೆ."

ಅವನ ದೋಣಿ ಅಲೆ ದಾಟುವಷ್ಟರಲ್ಲಿ ಫೋನು ಬಡಿದುಕೊಂಡಿತು. ದಿನಕರ. "ನಂದೂ ನಿಂತ್ ಹೋಯ್ತು, ಸುಚಿ. ಬಂಡೆ ಹತ್ರ ಆತು..." ಅಲ್ಲಿಗೇ ಕಡಿಯಿತು. ಹಿಂದೆಯೇ ಬಂದಿದ್ದ ವಸಂತಿ ಮರಳ ಮೇಲೆ ಕುಸಿದಳು. ಗಂಡನೂ ಅಲ್ಲೇ, ಮಗನೂ ಅಲ್ಲೇ. ಸುಚಿತಾಳಿಗೆ ಅಮ್ಮನನ್ನು ಹಿಡಿಯಲೂ ಕೈ ಬರಲಿಲ್ಲ, ಕಣ್ಣೆಲ್ಲ ಕಡಲ ಮೇಲೆ.

ಎಷ್ಟು ಹೊತ್ತಾಯಿತೋ ದೇವರಿಗೇ ಗೊತ್ತು. ಚೌಡನ ದೋಣಿ ಕಂಡಿತು. ಅದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು. ಅಪ್ಪನ ದೋಣಿಯ ಬದಿಯ ಹಲಗೆ ಬಂಡೆಗೆ ತಾಗಿ ಸೀಳಿತ್ತು. ಇಬ್ಬರೂ ದಡಕ್ಕೆ ಇಳಿದದ್ದೇ ಸುಚಿತಾ, ಫೋನು ಎತ್ತದ ಅಣ್ಣನಿಗೆ ಬಾಯಿಗೆ ಬಂದಂತೆ ಬೈದು, ಆಮೇಲೆ ಗಳಗಳನೆ ಅತ್ತಳು.

ಅಷ್ಟರಲ್ಲಿ ರಾಜೀವನ ಫೋನು. "ಸಾಫ್ಟ್‌ವೇರ್ ಕಳಿಸಿಬಿಡಲಾ? ಎರಡೂ ಪಂಪು ಒಟ್ಟಿಗೆ ಕೆಡುವ ಸಂಭವ ಹೆಚ್ಚೂಕಡಿಮೆ ಸೊನ್ನೆ, ಸುಚಿತಾ."

ಒದ್ದೆ ಬಟ್ಟೆಯಲ್ಲಿ ನಿಂತಿದ್ದ ಅಪ್ಪನ ಕೈಯನ್ನು ಅವಳಿನ್ನೂ ಬಿಟ್ಟಿರಲಿಲ್ಲ.

"ಕಳಿಸಬೇಡಿ ಸರ್. ಆ ಸೊನ್ನೆಯೊಳಗೆ ಇವತ್ತು ನನ್ನ ಅಪ್ಪ, ಅಣ್ಣ ಇಬ್ಬರೂ ಇದ್ದರು."