ನಳಿಗೆಯ ಮೇಲೆ ಎಣ್ಣೆಗೈ

ಕೋವಿ ಮನೆಗೆ ಬಂದ ದಿನ ಓರಗಿತ್ತಿ ಹೇಳಿದ್ದಳು: "ತಗೋಮ್ಮ, ಮೂವತ್ತು ವರ್ಷ ನಾನು ಸಾಕಿದ ಸವತಿ. ಇನ್ನು ನಿನ್ನ ಸರದಿ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಹದಿನೈದು ದಿನ ಕಳೆಯುವಷ್ಟರಲ್ಲಿ ಕಟಿಂಗಕ್ಕನ ನಗು ಆರಿಹೋಗಿತ್ತು.

ಕಟಿಂಗಕ್ಕ ಎನ್ನುವುದು ಬೈಂಡಿಂಗ್ ಪ್ರೆಸ್ಸಿನವರು ಇಟ್ಟ ಹೆಸರು. ಕಾಗದ ಕತ್ತರಿಸುವ ಯಂತ್ರದ ಮುಂದೆ ಇಪ್ಪತ್ತಾರು ವರ್ಷ ನಿಂತು, ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟವಳು ಅವಳು. ಹಾಳೆಗಳ ಕಟ್ಟನ್ನು ಮೇಜಿಗೆ ಎರಡು ಸಲ ಕುಟ್ಟಿ, ಅಂಚನ್ನು ಹೆಬ್ಬೆರಳಿನಿಂದ ಸವರಿ, "ಇದರಲ್ಲಿ ನಾಲ್ಕು ಹಾಳೆ ಕಮ್ಮಿ" ಅಂದರೆ ಯಾರೂ ಎಣಿಸಲು ಹೋಗುತ್ತಿರಲಿಲ್ಲ. ಹನ್ನೆರಡನೆಯ ವರ್ಷ ಯಂತ್ರದ ಅಲಗು ಅವಳ ಎಡಗೈ ತೋರುಬೆರಳಿನ ತುದಿಯನ್ನು ಒಯ್ದಿತು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಗಂಡ ಗ್ರೀಸಿನ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿಬಂದ. ಬ್ಯಾಂಡೇಜು ನೋಡಿದ. "ಸದ್ಯ, ಎಡಗೈ" ಅಂದ. ಎರಡನೇ ಪಾಳಿಗೆ ಹೊರಟುಹೋದ. ಆಮೇಲೆ ಆ ಬೆರಳಿನ ಮಾತು ಮನೆಯಲ್ಲಿ ಬರಲೇ ಇಲ್ಲ. ಅವಳಾಗಿ ತೆಗೆಯಲಿಲ್ಲ, ಅವನೇ ಕೇಳಲಿ ಎಂದು ಕಾದಳು. ಕಾದು ಕಾದು ಹದಿನೆಂಟು ವರ್ಷ ಆಗಿತ್ತು.

ಅಂಥ ಗಂಡ, ನಿವೃತ್ತನಾಗಿ, ಈಗ ಒಂದು ಕೋವಿಯ ಮುಂದೆ ಕೂತಿದ್ದ.

ಅವನ ಅಪ್ಪನ ಕಾಲದ್ದು. ಬಾಯಿಯಿಂದ ಮದ್ದು, ಚರೆ ತುಂಬಿ ಕಡ್ಡಿಯಿಂದ ಜಡಿಯುವ ಕೇಪಿನ ಕೋವಿ. ಅಣ್ಣನ ಕಣ್ಣಿಗೆ ಪೊರೆ ಬಂದ ಮೇಲೆ ಲೈಸೆನ್ಸು ಇವನ ಹೆಸರಿಗೆ ಬದಲಾಗಿತ್ತು. ತಂದ ದಿನವೇ ನಳಿಗೆಯೊಳಗೆ ಕಡ್ಡಿ ಇಳಿಸಿ, ಅದು ತಳ ಮುಟ್ಟಿದ್ದನ್ನು ಹೊರಗಡೆ ಅಳತೆ ಹಿಡಿದು, ಹಳೇ ಮದ್ದು ಒಳಗೆ ಉಳಿದಿಲ್ಲವೆಂದು ಖಚಿತ ಮಾಡಿಕೊಂಡ. ಆಮೇಲೆ ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿ, ಕಿಟಕಿಯ ಕೆಳಗೆ ಹಾಸಿದ ಹಳೇ ಬೆಡ್‌ಶೀಟಿನ ಮೇಲೆ ಮಲಗಿಸಿದ. ವಿನಿಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿ ತುಕ್ಕು ಸಡಿಲಿಸಿದ. ಒರಟು ಎಮರಿ ಕಾಗದ, ಅದಕ್ಕಿಂತ ನಯದ್ದು, ಅದಕ್ಕೂ ನಯದ್ದು. ಉದ್ದಕ್ಕೆ ಮಾತ್ರ ತಿಕ್ಕಿದ, ಅಡ್ಡ ಒಂದು ಗೀರೂ ಬೀಳದ ಹಾಗೆ.

ಅವಳು ಅಡುಗೆಮನೆಯ ಬಾಗಿಲಿಂದ ನೋಡದ ಹಾಗೆ ನೋಡುತ್ತಿದ್ದಳು.

"ರೀ, ಊಟ ಆರಿಹೋಗ್ತಿದೆ."

"ಬಂದೆ. ಇವಳದೊಂದು ಮಗ್ಗುಲು ಮುಗಿಸಿಬಿಡ್ತೀನಿ."

"ಇವಳಾ? ನಲವತ್ತು ವರ್ಷದಲ್ಲಿ ನನ್ನನ್ನ 'ಏ' ಬಿಟ್ಟು ಬೇರೆ ಕರೆದಿಲ್ಲ. ಕಬ್ಬಿಣಕ್ಕೆ ಇವಳು!"

"ಏ, ಸುಮ್ಮನಿರೇ," ಅಂದ.

ಒಂದು ಮಧ್ಯಾಹ್ನ ತುಕ್ಕಿನ ಪದರ ಬಿಟ್ಟು ಒಂದು ಕುಳಿ ಕಾಣಿಸಿತು. ಉದ್ದಿನ ಕಾಳಿನಷ್ಟು. ಅವನು ಕನ್ನಡಕ ಹಣೆಗೇರಿಸಿ, ಹೆಬ್ಬೆರಳಿನಿಂದ ಅದನ್ನು ಮೆತ್ತಗೆ ಸವರಿದ.

"ಪಾಪ," ಅಂದ, "ಎಷ್ಟು ಆಳಕ್ಕೆ ತಿಂದುಹಾಕಿದೆ."

ಅವಳ ಕೈಯಲ್ಲಿದ್ದ ಲೋಟ ಸದ್ದು ಮಾಡಿಕೊಂಡೇ ಮೇಜಿನ ಮೇಲೆ ಕೂತಿತು. ಪಾಪ! ತನಗೆ ಬರಬೇಕಾಗಿದ್ದ ಮಾತು, ವಿಳಾಸ ತಪ್ಪಿದ ಕಾಗದದಂತೆ, ಆ ಕುಳಿಗೆ ಹೋಗಿ ಸೇರಿತ್ತು. ಕಬ್ಬಿಣದ ಮೇಲೆ ಹೊಟ್ಟೆಕಿಚ್ಚು ಪಡುವುದೇ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೆ ಕಿಚ್ಚು ಆರುತ್ತದೆಯೆ? ಓರಗಿತ್ತಿಗೆ ಫೋನು ಮಾಡಿದಳು.

"ಅಕ್ಕಾ, ನಿಮ್ಮ ಸವತಿಯನ್ನ ವಾಪಸ್ ಕರ್ಕೊಂಡು ಹೋಗಿ."

"ಅಯ್ಯೋ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣೇ!"

ಬಣ್ಣ ಕಟ್ಟುವ ದಿನ ಬಂತು. "ತುಕ್ಕು ತೆಗೆದಿದ್ದಾಯ್ತು. ಇನ್ನು ತುಕ್ಕು ಹಿಡಿಸಬೇಕು," ಅಂದ ಗಂಡ.

"ತೆಗೆಯೋದ್ಯಾಕೆ, ಹಿಡಿಸೋದ್ಯಾಕೆ?"

"ಅದು ಕಳ್ಳ ತುಕ್ಕು, ಇದು ನಾವು ಸಾಕೋ ತುಕ್ಕು. ಔಷಧಿ ಹಚ್ಚಿ ಹಬೆಯಲ್ಲಿ ತೂಗುಹಾಕೋದು, ಮಾರನೇ ದಿನ ಪುಡಿ ಒರೆಸಿ ಮತ್ತೆ ಹಚ್ಚೋದು. ಏಳೆಂಟು ಸಲ ಆದ್ರೆ ಹುಣಸೆಬೀಜದ ಬಣ್ಣ ಬರುತ್ತೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡ. ಜಿಡ್ಡು ತಾಕಿದ ಕಡೆ ತುಕ್ಕು ಕೂರಲ್ಲ."

"ನಾನ್ಯಾಕೆ ಮುಟ್ಟಲಿ ಅವಳನ್ನ?"

ಬೆಳಗ್ಗೆ ಅವನು ಜಿಡ್ಡು ಹೋಗಲೆಂದು ಸುಣ್ಣ ಹಚ್ಚಿ ನಳಿಗೆಯನ್ನು ತೊಳೆದು ಒಣಗಿಸಿ, ಬಚ್ಚಲುಮನೆಯ ತಂತಿಗೆ ತೂಗುಹಾಕಿದ. ಕೆಳಗೆ ಬಿಸಿನೀರಿನ ಬಕೆಟ್ಟು ಇಟ್ಟು, ಔಷಧಿ ಸೋಸಲು ಹಿತ್ತಲಿಗೆ ಹೋದ. ಅವಳು ಆಗಷ್ಟೇ ತಲೆಗೆ ಹಚ್ಚಲು ಎಡಗೈಗೆ ಎಣ್ಣೆ ಸುರಿದುಕೊಂಡಿದ್ದಳು. ಬಚ್ಚಲ ಬಾಗಿಲು ತೆರೆದಿತ್ತು. ಬೆಳ್ಳಗೆ, ಬತ್ತಲೆ, ಒಂದು ಕಲೆಯಿಲ್ಲದೆ ಅದು ನೇತಾಡುತ್ತಿತ್ತು. ಇಷ್ಟು ಜತನ ತನಗೆ ಯಾರೂ ಮಾಡಿದ್ದಿಲ್ಲ ಅನ್ನಿಸಿತು. ಹೋದಳು. ಎಣ್ಣೆಗೈಯಲ್ಲೇ ಅದರ ನಡುವನ್ನು ಬಿಗಿಯಾಗಿ ಹಿಡಿದಳು. ಹಿಂದಿರುಗಿ, ಮಿಕ್ಕ ಎಣ್ಣೆಯನ್ನು ತಲೆಗೆ ಹಚ್ಚಿಕೊಂಡಳು.

ಗಂಡ ಬಂದಾಗ ಹಬೆಗೆ ಕನ್ನಡಕ ಮಂಜಾಯಿತು. ಹಾಗೆಯೇ ಔಷಧಿ ಹಚ್ಚಿ ಬಾಗಿಲು ಮುಚ್ಚಿದ.

ಮಾರನೇ ದಿನ ಮಧ್ಯಾಹ್ನ ನಳಿಗೆಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ನಡುಭಾಗ ಬಿಟ್ಟು ಇಡೀ ನಳಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ನಡುವೆ ನಾಲ್ಕು ಬಿಳಿ ಪಟ್ಟಿಗಳು ಅಕ್ಕಪಕ್ಕ ಸುತ್ತಿಕೊಂಡಿದ್ದವು. ಮೂರು ಉದ್ದ. ಮೇಲಿನದು ಗಿಡ್ಡ.

ಕಳ್ಳಿಯ ಗುರುತಿಗೆ ಇನ್ನೇನು ಬೇಕು? ಅವಳು ಸೊಂಟಕ್ಕೆ ಕೈಯಿಟ್ಟು ಜಗಳಕ್ಕೇ ನಿಂತಳು. ಹದಿನೈದು ದಿನದಿಂದ ಮಸೆದಿಟ್ಟ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು.

ಅವನು ಬೈಯಲಿಲ್ಲ. ಆ ಗಿಡ್ಡ ಪಟ್ಟಿಯ ಪಕ್ಕ ತನ್ನ ತೋರುಬೆರಳಿಟ್ಟು ಅಳತೆ ನೋಡಿದ.

"ಕೈ ಕೊಡು."

"ಯಾಕೆ, ಪೊಲೀಸರಿಗೆ ಕೊಡ್ತೀರಾ?"

"ಕೊಡೇ."

ಎಡಗೈ ಚಾಚಿದಳು. ಅವನು ಅದನ್ನು ಬೆಳಕಿಗೆ ತಿರುಗಿಸಿದ. ತೋರುಬೆರಳಿನ ಮೊಂಡು ತುದಿಯ ಮೇಲೆ ಹೆಬ್ಬೆರಳಿಟ್ಟ, ಆ ಕುಳಿಯ ಮೇಲೆ ಇಟ್ಟ ಹಾಗೆಯೇ.

"ನೋಯುತ್ತಾ?"

"ಚಳಿ ಬಿದ್ದಾಗ."

"ಹೇಳಲೇ ಇಲ್ಲ ನೀನು."

"ಕೇಳಿದ್ರೆ ತಾನೆ?"

ಅವನು ಒಳಗೆ ಹೋಗಿ ಬಿಳಿ ಹತ್ತಿಯ ಕೈಗವಸು ತಂದ, ಎರಡು ಜೊತೆ. ಎಡಗೈಯ ಗವಸೊಂದನ್ನು ಅವಳ ಬೆರಳಿಗೆ ಹಿಡಿದು ಅಳೆದ. ಖಾಲಿ ಉಳಿದ ತುದಿಯನ್ನು ಒಳಕ್ಕೆ ಮಡಿಸಿ, ಅವಳ ಸೂಜಿ ದಾರ ಹುಡುಕಿ ತೆಗೆದು, ಕೂದಲೆಳೆಯ ಅಳತೆಯಲ್ಲಿ ಬದುಕಿದ ಆ ಫಿಟ್ಟರ್ ನಾಲ್ಕು ಸೊಟ್ಟ ಹೊಲಿಗೆ ಹಾಕಿದ.

"ಬಾ. ಮೊದಲಿಂದ ತಿಕ್ಕಬೇಕು."

ಗವಸು ಸರಿಯಾಗಿ ಕೂತಿತು. ಅವಳು ಬೆಡ್‌ಶೀಟಿನ ಆ ತುದಿಯಲ್ಲಿ ಕೂತು ಎಮರಿ ಕಾಗದ ಹಿಡಿದಳು.

"ಮೆಲ್ಲಗೆ ಕಣೇ, ಇವಳಿಗೆ ಗೀರು ಬೀಳುತ್ತೆ."

"ಸವತಿ ಬೆನ್ನು ಮೆಲ್ಲಗೆ ತಿಕ್ಕೋಕೆ ನನಗೆ ಬರಲ್ಲ," ಅಂದಳು. ಆದರೆ ಉದ್ದಕ್ಕೇ ತಿಕ್ಕಿದಳು, ಅಡ್ಡ ಒಂದು ಸಲವೂ ಅಲ್ಲ.