ಹಿಮನದಿಯ ಮೇಲೆ ಒಂದೇ ಕೂಗು

ಬಹರೈನಿನ ಗುಫೂಲಿನಲ್ಲಿದ್ದ ನಮ್ಮ ಫ್ಲ್ಯಾಟಿನಲ್ಲಿ ಯಾರಾದರೂ ಬೆಲ್ ಒಂದೇ ಸಲ ಒತ್ತಿದರೆ ನಾನು ಬಾಗಿಲು ತೆಗೆಯುತ್ತಿರಲಿಲ್ಲ. ಇಸ್ತ್ರಿ ಬಟ್ಟೆ ತರುವವನಿಗೆ ಇದು ಗೊತ್ತಿತ್ತು. ಎರಡು ಸಲ ಒತ್ತಿ, ಆಮೇಲೆ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಚಿಕ್ಕಂದಿನಲ್ಲಿ ಅಜ್ಜಿ ಕಲಿಸಿದ್ದು ಇದು. ಕಣ್ಣಿಗೆ ಕಾಣದ ಕಡೆಯಿಂದ ಯಾರಾದರೂ ಕರೆದರೆ ಮೊದಲ ಕರೆಗೆ ‘ಓ’ ಎನ್ನಬಾರದು. ಮನುಷ್ಯರಾದರೆ ಇನ್ನೊಮ್ಮೆ ಕರೆಯುತ್ತಾರೆ. ಮನುಷ್ಯರಲ್ಲದ್ದು ಒಂದೇ ಸಲ ಕರೆಯುತ್ತದೆ, ಅದೂ ನಮಗೆ ಬೇಕಾದವರ ಸ್ವರದಲ್ಲಿ. ಕೇಳಿಸಿತು ಎಂದು ಇನ್ನೊಬ್ಬರಿಗೆ ಹೇಳುವುದೂ ಓಗೊಟ್ಟ ಹಾಗೆಯೇ.

ಇವರು, ನನ್ನ ಗಂಡ, ನಗುತ್ತಿದ್ದರು. “ಇಲ್ಲಿಗೆ ಬರ್ಲಿಕ್ಕೆ ಭೂತಕ್ಕೂ ವೀಸಾ ಬೇಕು ಮಾರಾಯ್ತಿ. ಅದಕ್ಕೆ ಸ್ಪಾನ್ಸರ್ ಯಾರು?”

ನಾನೂ ನಗುತ್ತಿದ್ದೆ. ಆದರೆ ಬಾಗಿಲು ತೆಗೆಯುತ್ತಿರಲಿಲ್ಲ.

ಇವರಿಗೆ ಸೀಫ್ ಕಡೆಯ ಒಂದು ಕಂಪನಿಯಲ್ಲಿ ಪಂಪುಗಳ ಕೆಲಸ. ಪಂಪುಗಳು ಬರುತ್ತಿದ್ದದ್ದು ನಾರ್ವೆಯಿಂದ, ಜೊತೆಗೆ ಅಲ್ಲಿಯ ಒಬ್ಬ ಇಂಜಿನಿಯರರೂ ಬಂದು ಎರಡು ವರ್ಷ ಇವರ ಪಕ್ಕದ ಮೇಜಿನಲ್ಲಿ ಕೂತಿದ್ದರು. ಶುಕ್ರವಾರ ನಮ್ಮಲ್ಲಿಗೆ ಊಟಕ್ಕೆ ಬರುವುದು ಅವರಿಗೆ ರೂಢಿಯಾಗಿತ್ತು. ಮೊದಲ ಸಲ ನೀರುದೋಸೆಯನ್ನು ಬೆಳಕಿಗೆ ಹಿಡಿದು, “ಇದು ಕೈ ಒರೆಸಲಿಕ್ಕಾ, ತಿನ್ನಲಿಕ್ಕಾ?” ಎಂದು ಕೇಳಿದ್ದರು. ಅವರು ಊರಿಗೆ ಮರಳಿದ ಮರುವರ್ಷ ಇವರಿಗೆ ಅಲ್ಲಿ ಎರಡು ವಾರದ ತರಬೇತಿ ಬಂತು. ಏಪ್ರಿಲ್ ತಿಂಗಳು. ಅವರೇ ಫೋನ್ ಮಾಡಿ, ಹೆಂಡತಿಯನ್ನೂ ಕರೆದುಕೊಂಡು ಬನ್ನಿ, ಈಸ್ಟರ್ ರಜೆಗೆ ಬೆಟ್ಟದ ಮೇಲೆ ನಮ್ಮ ಮರದ ಮನೆಯಲ್ಲಿ ಇರೋಣ ಎಂದರು. ತೊಂಬತ್ತರ ದಶಕದ ನಡುವಿನ ಮಾತು ಇದು.

ಬುಸೈತೀನಿನಲ್ಲಿದ್ದ ನಮ್ಮ ಕುಂದಾಪುರ ಕಡೆಯ ಸ್ನೇಹಿತರೊಬ್ಬರು ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕರು. “ಅಕ್ಕ, ಇಲ್ಲಿ ಎಸಿ ಇಪ್ಪತ್ತಕ್ಕೆ ಇಟ್ರೆ ನೀವು ಶಾಲು ಹೊದ್ಕೊಳ್ತೀರಿ. ಅಲ್ಲಿ ಎಂಥ, ಹಾಸಿಗೆಯನ್ನೇ ಸುತ್ತಿಕೊಂಡು ಹೋಗುದಾ?”

ಹೋದೆವು. ಮೂರು ದಿನ ಆ ಮನೆಯ ಎದುರಿನ ಸಪಾಟು ಹಿಮದಲ್ಲಿ ಸ್ಕೀ ಕಟ್ಟಿಕೊಂಡು ನಡೆಯುವುದನ್ನು ಕಲಿತೆವು. ಜಾರುವುದಲ್ಲ, ನಡೆಯುವುದು. ಸ್ಕೀಯ ಅಡಿಗೆ ಉದ್ದಕ್ಕೂ ರೋಮದ ಪಟ್ಟಿ ಅಂಟಿಸುತ್ತಾರೆ. ರೋಮ ಹಿಂದಕ್ಕೆ ಬಾಗಿರುವುದರಿಂದ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಬೆಕ್ಕಿನ ಬೆನ್ನು ಸವರಿದ ಹಾಗೆ ಎಂದು ನಾನು ತಿಳಿದುಕೊಂಡೆ. ಇವರು ಮೊದಲ ದಿನ ಒಂಬತ್ತು ಸಲ ಬಿದ್ದರು. ನಾನು ನಾಲ್ಕೇ ಸಲ. ಅದನ್ನು ಲೆಕ್ಕ ಇಟ್ಟವಳು ನಾನೇ ಆದ್ದರಿಂದ ಇವರು ಒಪ್ಪುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ ಹೊರಟೆವು. ಹಿಮನದಿಯನ್ನು ಅಡ್ಡಕ್ಕೆ ದಾಟಿ ಆಚೆಯ ಕಣಿವೆಗೆ ಇಳಿಯುವುದು, ಒಂದು ಹಗಲಿನ ದಾರಿ. ನಾಲ್ಕು ಜನ. ಮುಂದೆ ದಾರಿ ತೋರಿಸುವ ಹೆಂಗಸು, ಸುಮಾರು ನನ್ನದೇ ಪ್ರಾಯ, ಬಿಸಿಲಿಗೆ ಮುಖವೆಲ್ಲ ಕಂದಿ ಕನ್ನಡಕ ಇದ್ದಲ್ಲಿ ಮಾತ್ರ ಬೆಳ್ಳಗೆ ಎರಡು ಉಂಗುರ. ಆಕೆಯ ಹಿಂದೆ ನಾನು, ನನ್ನ ಹಿಂದೆ ಇವರು, ಕೊನೆಗೆ ಇವರ ಸ್ನೇಹಿತರಾದ ಆ ಇಂಜಿನಿಯರರು. ನಾಲ್ವರ ಸೊಂಟಕ್ಕೂ ಒಂದೇ ಹಗ್ಗ. ಹಿಮದ ಅಡಿಯಲ್ಲಿ ಮಂಜುಗಡ್ಡೆ ಬಿರುಕು ಬಿಟ್ಟಿರುತ್ತದೆ, ಮೇಲಿಂದ ಕಾಣುವುದಿಲ್ಲ, ಆದ್ದರಿಂದ ಹಗ್ಗ ಸಡಿಲ ಬಿಡಬಾರದು ಎಂದು ಆಕೆ ಮೂರು ಸಲ ಹೇಳಿದಳು. ಇವರು ನಿಂತರೆ ನನ್ನ ಸೊಂಟಕ್ಕೆ ಗೊತ್ತಾಗುತ್ತಿತ್ತು. ಮೂಗು ಒರೆಸಿಕೊಂಡರೂ ಗೊತ್ತಾಗುತ್ತಿತ್ತು. ಅಷ್ಟು ಹೊತ್ತು ಒಬ್ಬರನ್ನೊಬ್ಬರು ಕರೆಯುವ ಅಗತ್ಯವೇ ಬೀಳಲಿಲ್ಲ.

ಅಲ್ಲಿ ಚಳಿಯೇ ಇರುತ್ತದೆ ಎಂದುಕೊಂಡಿದ್ದ ನನಗೆ ಬಿಸಿಲು ಆಶ್ಚರ್ಯ. ಮೇಲಿಂದಲೂ ಬಿಸಿಲು, ಕೆಳಗಿನಿಂದಲೂ ಬಿಸಿಲು, ಮೂಗಿನ ಹೊಳ್ಳೆಯ ಒಳಗೂ ಕ್ರೀಮ್ ಹಚ್ಚಿಸಿದರು. ಸುತ್ತ ಬಿಳಿ ಬಿಟ್ಟರೆ ಏನೂ ಇಲ್ಲ. ದೂರದ ಕಪ್ಪು ಕಲ್ಲು ಹತ್ತಿರ ಇದೆ ಅನಿಸುತ್ತಿತ್ತು, ಒಂದು ಗಂಟೆ ನಡೆದರೂ ಅಷ್ಟೇ ದೂರ ಇರುತ್ತಿತ್ತು. ಒಂದು ಕಡೆ ನನ್ನ ಕಾಲಡಿಯಲ್ಲಿ ‘ಹೂಂ’ ಎಂದು ಸದ್ದಾಯಿತು. ನಾನು ನಿಂತುಬಿಟ್ಟೆ. ಹಿಮ ಕೂತುಕೊಳ್ಳುವ ಶಬ್ದ, ಹೆದರಬೇಡಿ ಎಂದಳು ಆಕೆ. ನನಗೆ ಅದು ಯಾರೋ ಮಾತಿಗೆ ಒಪ್ಪಿಕೊಂಡ ಹಾಗೆ ಕೇಳಿತ್ತು.

ಮತ್ತೆ ನಡೆಯುವಾಗ ಆಕೆಯೇ ಹೇಳಿದಳು, ತನ್ನ ತಾಯಿ ಮಗುವಾಗಿದ್ದಾಗ ಹಳ್ಳಿಯ ಒಬ್ಬ ಮುದುಕ ಇಲ್ಲಿ ಬಿರುಕಿಗೆ ಬಿದ್ದದ್ದು. “ಈ ಹಿಮನದಿ ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ನಿಧಾನಕ್ಕೆ ಕೆಳಗೆ ಇಳಿಸಿಕೊಂಡು ಹೋಗಿ ವಾಪಸು ಕೊಡುತ್ತದೆ. ನಮಗೆ ಇನ್ನೂ ಕೊಟ್ಟಿಲ್ಲ.” ಪೇಟೆಯಲ್ಲಿ ಹಾಲು ಇನ್ನೂ ಬಂದಿಲ್ಲ ಎನ್ನುವ ಧಾಟಿಯಲ್ಲಿ ಹೇಳಿದಳು. ಆಮೇಲೆ ನಾನು ಕೆಳಗೆ ನೋಡುತ್ತಲೇ ನಡೆದೆ.

ಮಧ್ಯಾಹ್ನ ಹಿಮದ ನಡುವಿನಿಂದ ಎದ್ದಿದ್ದ ಒಂದು ದೊಡ್ಡ ಬಂಡೆ ಸಿಕ್ಕಿತು. ಅಲ್ಲಿ ಬಿರುಕುಗಳ ಭಯವಿಲ್ಲವೆಂದು ಹಗ್ಗ ಬಿಚ್ಚಿ, ಸ್ಕೀ ಕಳಚಿ ಊಟಕ್ಕೆ ಕೂತೆವು. ಅವರ ಕಡೆ ಕಿತ್ತಳೆ ಮತ್ತು ಚಾಕಲೇಟು, ನನ್ನ ಕಡೆ ಚಪಾತಿ ಮತ್ತು ಲಿಂಬೆ ಉಪ್ಪಿನಕಾಯಿ. ತಿಂದಾದ ಮೇಲೆ ಇವರು ಎದ್ದರು.

“ಎಲ್ಲಿಗೆ?”

“ಎರಡು ನಿಮಿಷ.”

ದಾರಿ ತೋರಿಸುವವಳಿಗೆ ತಕ್ಷಣ ಅರ್ಥವಾಯಿತು. ಇಲ್ಲೇ ಐದು ಹೆಜ್ಜೆ ಆಚೆ ಹೋಗಿ, ನಾವು ಬೇರೆ ಕಡೆ ನೋಡುತ್ತೇವೆ, ಬಂಡೆಯ ಹಿಂದೆ ಹೋಗಬೇಡಿ ಎಂದಳು. ಆದರೆ ಹೆಂಗಸರು ಕೂತಿರುವಾಗ ಐದು ಹೆಜ್ಜೆ ದೂರದಲ್ಲಿ ಆಗುವ ಕೆಲಸವಲ್ಲ ಅದು, ನಮ್ಮ ಕಡೆಯ ಗಂಡಸರಿಗೆ. ತಲೆಯಾಡಿಸಿ ಹೋದರು. ಐದು ಹೆಜ್ಜೆಯಾದ ಮೇಲೆ ಹಿಂತಿರುಗಿ ನೋಡಿ, ಇನ್ನೂ ಸ್ವಲ್ಪ ಹೋಗಿ, ಬಲಕ್ಕೆ ತಿರುಗಿ ಬಂಡೆಯ ಮರೆಯಾದರು. ನೋಡಿದವಳು ನಾನೊಬ್ಬಳೇ. ಮಿಕ್ಕ ಇಬ್ಬರು ಕೊಟ್ಟ ಮಾತಿನಂತೆ ಬೇರೆ ಕಡೆ ನೋಡುತ್ತಿದ್ದರು.

ಆಗಲೇ ಮಂಜು ಬಂತು. ನೋಡುತ್ತ ನಿಂತಷ್ಟು ಹೊತ್ತು ಸುಮ್ಮನಿದ್ದು, ಆಚೆ ತಿರುಗಿದೊಡನೆ ಉಕ್ಕುವ ಹಾಲಿನ ಹಾಗೆ ಬಂತು. ನನ್ನ ಕೈಯಲ್ಲಿದ್ದ ಕಿತ್ತಳೆ ಸಿಪ್ಪೆ ಬಿಟ್ಟರೆ ಬೇರೆ ಬಣ್ಣವೇ ಉಳಿಯಲಿಲ್ಲ.

“ಹೋಯ್.”

ಬಲಗಡೆಯಿಂದ. ಇವರು ನನ್ನನ್ನು ಕರೆಯುವುದೇ ಹಾಗೆ. ಹೆಸರು ಹಿಡಿದು ಕರೆದವರಲ್ಲ. ಜೋರಾಗಿ ಅಲ್ಲ, ಬಚ್ಚಲಿನಿಂದ ಟವಲ್ ಕೇಳುವಷ್ಟು. ನಾನು ಬಾಯಿ ತೆರೆದಿದ್ದೆ ಎಂದು ನೆನಪು. ಎರಡನೆಯ ಕರೆಗೆ ಕಾದೆ. ಬರಲಿಲ್ಲ. ಆ ಮೌನದಲ್ಲಿ ನನಗೆ ನೆನಪಾದದ್ದು ಆ ಮುದುಕ, ಕಾಲಡಿಯ ಆ ‘ಹೂಂ’, ಮತ್ತು ಅಜ್ಜಿ. ತೊಡೆಯ ಮೇಲೆ ಕೈ ಬಿಗಿಹಿಡಿದು ಕೂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಆಕೆ ಹಗ್ಗ ಸುತ್ತುವುದನ್ನು ನಿಲ್ಲಿಸಿ, “ತಡವಾಯಿತಲ್ಲ, ನಿಮಗೆ ಏನಾದರೂ ಕೇಳಿಸಿತಾ?” ಎಂದಳು. ಸ್ನೇಹಿತರು ಕಿವಿಯ ಟೋಪಿ ಎತ್ತಿ, ಇಲ್ಲ ಎಂದರು. ಇಬ್ಬರೂ ನನ್ನನ್ನು ನೋಡಿದರು.

“ಇಲ್ಲ,” ಎಂದೆ.

ಎಡಕ್ಕೆ ನಾವು ಬಂದ ಸ್ಕೀ ಗುರುತುಗಳಿದ್ದವು. ಬಂಡೆಯ ಹಿಂದೆ ಹೋಗುವುದಿಲ್ಲ ಎಂದು ತಲೆಯಾಡಿಸಿದವನು ಮಂಜಿನಲ್ಲಿ ದಾರಿ ತಪ್ಪಿ ಗುರುತು ಹಿಡಿದೇ ಹೋಗಿರುತ್ತಾನೆ ಎಂದು ಅವರಿಬ್ಬರೂ ಹಗ್ಗ ಕಟ್ಟಿಕೊಂಡು ಎಡಕ್ಕೆ ಹೋದರು. ಬಲಕ್ಕೆ ತಿರುಗಿದ್ದನ್ನು ಕಂಡಿದ್ದೇನೆ ಎಂದಾದರೂ ಹೇಳಬಹುದಿತ್ತು. ಬಲಗಡೆಯ ಮಾತೆತ್ತಿದರೆ ಆ ಕರೆಗೆ ಓಗೊಟ್ಟ ಹಾಗಾಗುತ್ತದೆ ಅನಿಸಿತು. ನೀವು ಇಲ್ಲೇ ಕೂತು ನಿಮಿಷಕ್ಕೊಮ್ಮೆ ಹೆಸರು ಹಿಡಿದು ಕೂಗಿ, ಸ್ವರ ಹಿಡಿದು ಬರಲಿ ಎಂದು ಆಕೆ ಹೇಳಿ ಹೋಗಿದ್ದಳು. ಹದಿನಾಲ್ಕು ವರ್ಷದಲ್ಲಿ ನಾನು ಇವರ ಹೆಸರು ಹೇಳಿದ್ದು ಮದುವೆಯ ದಿನ ಒಮ್ಮೆ, ಎಲ್ಲರೂ ಪೀಡಿಸಿದ್ದಕ್ಕೆ. ಮೊದಲು “ಹೋಯ್, ಕೇಳ್ತದಾ?” ಎಂದು ಕೂಗಿದೆ. ಆಮೇಲೆ ಹೆಸರನ್ನೇ ಕೂಗಿದೆ. ಬಂಡೆಗೆ ತಾಗಿ ಅದು ಯಾರದೋ ಹೆಸರಿನಂತೆ ಮರಳಿ ಬಂತು.

ಒಂದು ಗಂಟೆಯ ಮೇಲೆ ಕಾಲು ಗಂಟೆ. ಅವರು ಬರಿಗೈಯಲ್ಲಿ ಮರಳಿದರು. ಮಂಜು ತೆಳುವಾದ ಮೇಲೆ ಆಕೆ ಬಂಡೆಯ ಬಲಗಡೆಗೆ ಹೋಗಿ, ಹೊಟ್ಟೆಯ ಮೇಲೆ ಮಲಗಿ ಕೆಳಗೆ ಇಣುಕಿದಳು. ಬಂಡೆಗೂ ಹಿಮಕ್ಕೂ ನಡುವೆ ಗಾಳಿ ಕೊರೆದ ಒಂದು ಕಂದಕ, ಎರಡಾಳು ಆಳ. ತಳದಲ್ಲಿ ಇವರು ಕೂತಿದ್ದರು, ಕಾಲು ಉಳುಕಿ, ಬಲಗೈಯ ಕೈಗವಸು ಎಲ್ಲೋ ಬಿದ್ದುಹೋಗಿ. ನಾನು ಕೂತಿದ್ದ ಜಾಗದಿಂದ ನಮ್ಮ ಫ್ಲ್ಯಾಟಿನ ಅಡುಗೆಮನೆಗೂ ಹಾಲಿಗೂ ಇರುವಷ್ಟು ದೂರ ಕೂಡ ಇರಲಿಲ್ಲ.

ಹಿಮದ ಸ್ಕೂಟರ್ ತರಿಸಿ ಕೆಳಗೆ ಒಯ್ದರು. ಕಾಲು ವಾರದಲ್ಲಿ ಸರಿಹೋಯಿತು. ಹಿಮಕ್ಕೆ ಮರಗಟ್ಟಿದ ಬಲಗೈಯ ಎರಡು ಬೆರಳುಗಳ ತುದಿ ಸರಿಹೋಗಲಿಲ್ಲ. ಇನ್ನು ಅರ್ಧ ಗಂಟೆ ಮೊದಲು ಸಿಕ್ಕಿದ್ದರೆ ಇಷ್ಟೂ ಆಗುತ್ತಿರಲಿಲ್ಲವೇನೋ ಎಂದು ಡಾಕ್ಟರು ನನ್ನನ್ನು ನೋಡಿಯೇ ಹೇಳಿದರು.

ಬಹರೈನಿಗೆ ಮರಳಿದ ಮೇಲೆ ಗೊತ್ತಾಯಿತು, ಆ ಬೆರಳುಗಳಿಗೆ ಅನ್ನದ ಬಿಸಿ ತಿಳಿಯುವುದಿಲ್ಲ, ಮೀನಿನ ಮುಳ್ಳು ತಿಳಿಯುವುದಿಲ್ಲ. ಊಟಕ್ಕೆ ಕೂತಾಗ ಸಾಫಿ ಮೀನಿನ ಮುಳ್ಳನ್ನು ನಾನೇ ಬಿಡಿಸಿ ಇವರ ತಟ್ಟೆಗೆ ಹಾಕುತ್ತಿದ್ದೆ. ಶುಕ್ರವಾರ ಬುಸೈತೀನಿನವರು ಬಂದಾಗಲೆಲ್ಲ ಇವರು ಕಥೆ ಹೇಳುತ್ತಿದ್ದರು.

“ಒಂದೇ ಸಲ ಕೂಗಿದ್ದು ಮಾರಾಯ್ರೆ. ಮತ್ತೆ ಇವಳು ಕೂಗಿದ್ದು ಕೇಳಿದ್ರೂ ಸುಮ್ಮನಿದ್ದೆ, ಕೂಗಿದ್ರೆ ಸದ್ದಿಗೆ ಮೇಲಿನ ಹಿಮ ತಲೆ ಮೇಲೆ ಬೀಳ್ತದೆ ಅಂತ ಹೆದರಿಕೆ. ಇವಳು ಇಷ್ಟೇ ಹತ್ತಿರ ಕೂತಿದ್ಲು. ಗಾಳಿಗೆ ಕೇಳ್ಲೇ ಇಲ್ಲ.”

ಆ ಹೊತ್ತು ಗಾಳಿ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಹೇಳಿಬಿಡಬೇಕು ಎಂದು ಪ್ರತಿ ಶುಕ್ರವಾರ ಅನಿಸುತ್ತಿತ್ತು. ಹೇಳಿದರೆ, ಕೂಗು ಕೇಳಿಯೂ ಸುಮ್ಮನೆ ಕೂತ ಹೆಂಡತಿಯ ಜೊತೆ ಇವರು ಹೇಗೆ ಇದ್ದಾರು ಎಂಬ ಭಯ. ಚಹಾ ಸೋಸುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಆಮೇಲೆ ಆ ‘ಹೋಯ್’ ಮನೆಗೇ ಬಂತು. ಮಟಮಟ ಮಧ್ಯಾಹ್ನ, ಇವರು ಆಫೀಸಿನಲ್ಲಿರುವಾಗ, ಎಸಿಯ ಗುಂಯ್ಗುಡುವಿಕೆಯ ನಡುವೆ ಒಮ್ಮೆ. ನಾನು ‘ಓ’ ಎಂದು ಒದ್ದೆ ಕೈಯಲ್ಲೇ ಓಡುತ್ತಿದ್ದೆ. ಕೋಣೆ ಖಾಲಿ. ಇಸ್ತ್ರಿಯವನ ಮೊದಲ ಬೆಲ್ಲಿಗೇ ಬಾಗಿಲು ತೆಗೆದು ಅವನನ್ನೇ ಬೆಚ್ಚಿಬೀಳಿಸಿದೆ. ಯಾವ ಕರೆಯನ್ನೂ ಬಿಡುವ ಧೈರ್ಯ ನನಗೆ ಉಳಿದಿರಲಿಲ್ಲ.

ಅಕ್ಟೋಬರಿನ ಒಂದು ಶುಕ್ರವಾರ, ನಾವಿಬ್ಬರೇ ಊಟಕ್ಕೆ ಕೂತಿದ್ದಾಗ ಬೆಲ್ ಬಡಿಯಿತು. ನಾನು ಓಡಿಹೋಗಿ ತೆಗೆದು ಬಂದೆ. ಪಕ್ಕದ ಮನೆ ಕೇಳಿಕೊಂಡು ಬಂದವರು ಯಾರೋ.

“ಎಂಥದು, ಅಜ್ಜಿಯ ರೂಲು ಕ್ಯಾನ್ಸಲಾ?” ಎಂದು ಇವರು ನಕ್ಕರು. “ಒಂದೇ ಬೆಲ್ಲಿಗೆ ತೆಗಿತಾ ಇದ್ದಿ ಈಗ.”

ನಾನು ನಿಂತೇ ಹೇಳಿದೆ. “ಅವತ್ತು ನೀವು ಕೂಗಿದ್ದು ನಂಗೆ ಕೇಳಿತ್ತು.”

“ಯಾವತ್ತು?”

“ಹಿಮದಲ್ಲಿ. ಒಂದೇ ಸಲ ಕೇಳ್ತು. ಎರಡನೇದು ಬರ್ತದೆ ಅಂತ ಕಾದೆ. ಆ ದಾರಿ ತೋರಿಸುವವಳು ಕೇಳುವಾಗ್ಲೂ ಇಲ್ಲ ಅಂದೆ.”

ಇವರ ಕೈ ಅನ್ನದಲ್ಲೇ ನಿಂತಿತು. “ನನ್ನ ಸ್ವರ ಅಂತ ಗೊತ್ತಾಗ್ಲಿಲ್ವಾ?” ಎಂದರು.

“ಗೊತ್ತಾಯ್ತು,” ಎಂದೆ. “ನಿಮ್ಮದೇ ಸ್ವರ ಅಂತ ಗೊತ್ತಾದದ್ದಕ್ಕೇ ಓಗೊಡ್ಲಿಲ್ಲ.”

ನನ್ನನ್ನು ನೋಡಿದರು, ಮೊದಲು ಅರ್ಥವಾಗದೆ, ಆಮೇಲೆ ಅರ್ಥವಾಗಿ. ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ಅನ್ನ ಮುಗಿಸಿ, ಕೈ ತೊಳೆದು, ಎಂದಿನಂತೆ ಹೋಗಿ ಮಲಗಿದರು. ಆ ವಾರವೆಲ್ಲ ಬೇಕಾದಷ್ಟೇ ಮಾತು. ಚಾವಿ ಎಲ್ಲಿ, ಹಾಲು ಮುಗಿದಿದೆ, ಫೋನ್ ಯಾರದ್ದು, ಇಷ್ಟೇ. ಅಷ್ಟೂ ದಿನ ನನ್ನನ್ನು ಒಮ್ಮೆಯೂ ಕೂಗಿ ಕರೆಯಲಿಲ್ಲ. ಏನಾದರೂ ಬೇಕಾದರೆ ನಾನಿದ್ದಲ್ಲಿಗೇ ಎದ್ದು ಬಂದು, ಎದುರು ನಿಂತು ಕೇಳುತ್ತಿದ್ದರು.

ಮುಂದಿನ ಶುಕ್ರವಾರ ಬುಸೈತೀನಿನವರು ಊರಿನಿಂದ ಬಂದ ತಮ್ಮ ಭಾವನನ್ನು ಕರೆದುಕೊಂಡು ಬಂದರು. ಕೂರುವ ಮೊದಲೇ, “ಅಣ್ಣ, ಇವರಿಗೆ ನಿಮ್ಮ ಹಿಮದ ಕಥೆ ಒಂದು ಹೇಳಿ” ಎಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಇವರು ಹೇಳಿದರು. ರೋಮದ ಪಟ್ಟಿ, ಕಿತ್ತಳೆ, ಐದು ಹೆಜ್ಜೆ, ಎಲ್ಲ ಇತ್ತು. ಕಂದಕಕ್ಕೆ ಜಾರಿದ ಮೇಲೆ, “ಕೂಗ್ಲಿಕ್ಕೆ ಉಸಿರೇ ಇರ್ಲಿಲ್ಲ,” ಎಂದರು.

“ಒಂದು ಸಲ ಕೂಗಿದೆ ಅಂತಿದ್ರಲ್ಲ?”

“ಅದು ನಾನು ಸೇರಿಸಿದ್ದು ಮಾರಾಯ್ರೆ. ಕಥೆ ಅಂದ್ಮೇಲೆ ಸ್ವಲ್ಪ ಉಪ್ಪು ಹುಳಿ ಬೇಡ್ವಾ?”

ಎಲ್ಲರೂ ನಕ್ಕರು. ಭಾವ ತುಂಬ ನಕ್ಕರು.

ಅವರು ಹೋದ ಮೇಲೆ ಲೋಟಗಳನ್ನು ತೆಗೆಯುತ್ತ ಕೇಳಿದೆ, ಯಾಕೆ ಹಾಗೆ ಹೇಳಿದ್ದು ಎಂದು. ಇವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. “ಈ ವಾರ ಎಷ್ಟು ಯೋಚನೆ ಮಾಡಿದ್ರೂ ಕೂಗಿದ್ದು ನಂಗೆ ನೆನಪಾಗುದಿಲ್ಲ. ಕೂಗ್ಬೇಕು ಅಂದ್ಕೊಂಡದ್ದು ನೆನಪುಂಟು. ಮತ್ತೆ ಹೇಳ್ತಾ ಹೇಳ್ತಾ ಕೂಗಿದ್ದೇ ಅಂತ ಆಯ್ತೋ ಏನೋ. ನೀನು ಬಿಡು ಅದನ್ನ.”

ನನ್ನನ್ನು ಉಳಿಸಲು ಹೇಳಿದರೋ, ನಿಜವೋ, ನಾನು ಮತ್ತೊಮ್ಮೆ ಕೇಳಲಿಲ್ಲ. ಆ ಕಥೆಯನ್ನು ಇವರು ಆಮೇಲೆ ಎಷ್ಟೋ ಸಲ ಹೇಳಿದ್ದಾರೆ, ಪ್ರತಿ ಸಲವೂ ಕೂಗು ಇಲ್ಲದೆ. ಸುಳ್ಳು ಹೇಳುತ್ತಿದ್ದಾರೆ ಎಂದೇ ನಾನು ನಂಬಿಕೊಂಡು ಬಂದಿದ್ದೇನೆ, ನಂಬಲೇಬೇಕು. ಸುಳ್ಳಲ್ಲವಾದರೆ ಆ ಬಿಳಿಯಲ್ಲಿ, ಅಷ್ಟು ಹತ್ತಿರದಿಂದ, ಇವರ ಸ್ವರ ಮಾಡಿಕೊಂಡು ನನ್ನನ್ನು ಕರೆದದ್ದು ಏನು ಎಂದು ಕೇಳಿಕೊಳ್ಳಬೇಕಾಗುತ್ತದೆ.